ನಮ್ಮ ಮಾನಿಟರಿನ ದೆವ್ವ ಮತ್ತು ಮೈಸೂರಿನ ಚಂದ್ರಶೇಖರ್

ಈ ಸಲ ರಾಜ್ಯೋತ್ಸವಕ್ಕೆ ಅಂತ ನಮ್ಮ ಕನ್ನಡ ಬಳಗದಿಂದ ಹಂಪಿಯ ಮೇಲೆ ಐದು ನಿಮಿಷದ ಒಂದು ವಿಡಿಯೊ ಮಾಡಿದ್ವಿ. ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ರ ಒಗ್ಗರಣೆ-ಮಿರ್ಚಿ ತಿಂದು, ಭಾನುವಾರ ಬೆಳಿಗ್ಗೆ ಹೊಳೆ ದಂಡೆಗೆ ಹೋಗಿ, ಹರಿಗೋಲು ಗಿರಗಿರ ತಿರುಗೋದನ್ನ ಮೊಬೈಲಿನಲ್ಲೇ ಶೂಟ್ ಮಾಡಿದ್ದು. ಮೊಬೈಲಿನಲ್ಲಿ ನೋಡಿದಾಗ ಬಹಳ ಚೆನ್ನಾಗಿತ್ತು. ಎಡಿಟ್ ಮಾಡೋಕೆ ಅಂತ ಲ್ಯಾಬಿನ ಕಂಪ್ಯೂಟರಿಗೆ ಹಾಕಿದರೆ, ಅಂಬಿಗನ ಹುಟ್ಟಿನ ಹಿಂದೆ ಮಸುಕಾದ ಇನ್ನೊಂದು ಹುಟ್ಟು! ಹರಿಗೋಲು ಎಡಕ್ಕೆ ಹೋದರೆ ಅದರ ಹಿಂದೆ ಒಂದು ಕಪ್ಪು ಬಾಲ. ವಿಡಿಯೊ ನಿಲ್ಲಿಸಿದರೆ ಬಾಲ ಮಾಯ, ಓಡಿಸಿದರೆ ಮತ್ತೆ ಹಾಜರ್.

ಮೊದಲು ಫೈಲು ಕೆಟ್ಟಿದೆ ಅಂದುಕೊಂಡ್ವಿ. ಆಮೇಲೆ ಕೇಬಲ್ ಮೇಲೆ ಅನುಮಾನ ಬಂತು. ಕಂಪ್ಲಿಯಿಂದ ಬರೋ ಗೆಳೆಯನ ಮೊಬೈಲ್ ಕ್ಯಾಮೆರಾವನ್ನೂ ಬೈದದ್ದಾಯ್ತು, ಅವನ ಹತ್ರ ಇನ್ನೂ ಕ್ಷಮೆ ಕೇಳಿಲ್ಲ. ಕೊನೆಗೆ ಸಂಡೂರಿನ ಗೆಳತಿಯೊಬ್ಬಳು ಅದೇ ಫೈಲನ್ನ ಪಕ್ಕದ ಹೊಸ ಮಾನಿಟರಿನಲ್ಲಿ ಓಡಿಸಿ ತೋರಿಸಿದಳು. ಬಾಲ ಬಹಳ ಸಣ್ಣದಾಗಿತ್ತು. ತಪ್ಪು ವಿಡಿಯೊದ್ದಲ್ಲ, ಪರದೆಯದ್ದು. ಗೇಮ್ ಆಡೋರಿಗೆ ಇದರ ಹೆಸರು ಗೊತ್ತೇ ಇರುತ್ತೆ: ಘೋಸ್ಟಿಂಗ್. ನಮ್ಮ ಬಳಗದವರು ದೆವ್ವ ಅಂತಲೇ ಕರೆದರು.

ಆ ದೆವ್ವದ ಮೂಲ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಎಸ್. ಚಂದ್ರಶೇಖರ್. ಉತ್ಸಾಹದಲ್ಲಿ ಒಂದು ಪೋಸ್ಟರನ್ನೂ ಬರೆದುಬಿಟ್ವಿ: ಎಲ್‌ಸಿಡಿ ಕಂಡುಹಿಡಿದ ಕನ್ನಡಿಗ ವಿಜ್ಞಾನಿ, ನೊಬೆಲ್ ಪುರಸ್ಕೃತ ಅಂತ. ಒಂದೇ ಸಾಲಿನಲ್ಲಿ ಮೂರು ತಪ್ಪು. ಪೋಸ್ಟರಿಗೆ ಅಂಟಿಸಿದ್ದ ಫೋಟೊ ಕೂಡ ಬೇರೆಯವರದ್ದು. ಆ ತಪ್ಪುಗಳನ್ನ ಒಂದೊಂದಾಗಿ ತಿದ್ದೋ ನೆಪದಲ್ಲಿ ಈ ಮನುಷ್ಯನ ಬದುಕನ್ನ ಓದಿದ್ವಿ. ನಾವು ಹುಟ್ಟೋ ಹೊತ್ತಿಗೇ ತೀರಿಹೋಗಿದ್ದವರು. ಭೌತಶಾಸ್ತ್ರದ ಮಂದಿಗೆ ಜಗತ್ತಿನಾದ್ಯಂತ ಗೊತ್ತು, ಇಂಜಿನಿಯರಿಂಗ್ ಹುಡುಗರಾದ ನಮಗೆ ಮಾತ್ರ ಗೊತ್ತಿರಲಿಲ್ಲ.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಸಿ. ವಿ. ರಾಮನ್ ಅವರ ಮನೆತನದಲ್ಲಿ ಎಸ್. ಚಂದ್ರಶೇಖರ್ ಅನ್ನೋರು ಇಬ್ಬರು. ಇಂಗ್ಲಿಷಿನಲ್ಲಿ ಬರೆದರೆ ಇಬ್ಬರೂ ರಾಮನ್ ಅವರ ನೆಫ್ಯೂ, ಹಾಗಾಗಿ ಒಬ್ಬರ ಮೇಲೆ ಇನ್ನೊಬ್ಬರ ನೆರಳು ಬೀಳುತ್ತೆ. ಕನ್ನಡದಲ್ಲಿ ಆ ತಾಪತ್ರಯ ಇಲ್ಲ. ನಕ್ಷತ್ರಗಳ ಲೆಕ್ಕ ಹಾಕಿ 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್, ರಾಮನ್ ಅವರ ಅಣ್ಣನ ಮಗ. ನಮ್ಮ ಕಥೆಯ ಶಿವರಾಮಕೃಷ್ಣ ಚಂದ್ರಶೇಖರ್, ಸೋದರಳಿಯ. ಇವರಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಗೌರವ ಬಂದದ್ದೂ ಅದೇ 1983ರಲ್ಲಿ. ಗೂಗಲ್ ಮಾಡಿದರೆ ಮೊದಲು ಬರೋದು ನಕ್ಷತ್ರದ ಚಂದ್ರಶೇಖರ್, ನಾವು ಪೋಸ್ಟರಿಗೆ ಅಂಟಿಸಿದ್ದೂ ಅವರ ಫೋಟೊವನ್ನೇ.

ನಮ್ಮ ಚಂದ್ರಶೇಖರ್ ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕಲ್ಕತ್ತೆಯಲ್ಲಿ. ಮನೆಮಾತು ತಮಿಳು. 1951ರಲ್ಲಿ ನಾಗಪುರ ವಿಶ್ವವಿದ್ಯಾಲಯದಿಂದ ಎಂಎಸ್ಸಿ, ಮೊದಲ ರ‍್ಯಾಂಕ್. ಅಲ್ಲಿಂದ ನೇರವಾಗಿ ಬೆಂಗಳೂರು, ಸೋದರಮಾವನ ರಾಮನ್ ಸಂಶೋಧನಾ ಸಂಸ್ಥೆಗೆ. ಸ್ಫಟಿಕಗಳ ಮೂಲಕ ಹಾಯೋ ಬೆಳಕು ಎಷ್ಟು ತಿರುಗುತ್ತೆ, ಬಣ್ಣ ಬದಲಾದರೆ ಆ ತಿರುವು ಹೇಗೆ ಬದಲಾಗುತ್ತೆ ಅಂತ ಅಳೆಯೋದು ಅಲ್ಲಿನ ಕೆಲಸ. 1954ರಲ್ಲಿ ಡಾಕ್ಟರೇಟ್ ಬಂತು. ಆ ಸಂಸ್ಥೆಯಲ್ಲಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವರಲ್ಲಿ ಇವರೇ ಮೊದಲಿಗರು. ಆಮೇಲೆ ಕೇಂಬ್ರಿಜ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯ, ಅಲ್ಲಿ ಎರಡನೇ ಡಾಕ್ಟರೇಟ್, ಈ ಸಲ ಸ್ಫಟಿಕಗಳಿಂದ ಚದುರೋ ಎಕ್ಸ್‌-ರೇ ಮತ್ತು ನ್ಯೂಟ್ರಾನುಗಳ ಮೇಲೆ. ನಂತರ ಕೆಲವು ವರ್ಷ ಲಂಡನ್.

1961ರಲ್ಲಿ ಇವರಿಗೆ 31 ವರ್ಷ. ಕೈಯಲ್ಲಿ ಎರಡು ಡಾಕ್ಟರೇಟ್, ಎರಡೂ ಘನ ಸ್ಫಟಿಕಗಳ ಮೇಲೆ. ಅಲ್ಲೇ ಉಳಿದಿದ್ದರೆ ಯಾರೂ ಏನೂ ಅಂತಿರಲಿಲ್ಲ. ಬಂದದ್ದು ಮಾತ್ರ ಮೈಸೂರಿಗೆ. ಕುವೆಂಪು ಅವರು ಕುಲಪತಿಯಾಗಿದ್ದಾಗ ಕನಸು ಕಂಡು, ಹೆಸರೂ ಇಟ್ಟ ಮಾನಸಗಂಗೋತ್ರಿ ಆಗ ತಾನೇ ಶುರುವಾಗಿತ್ತು. ಅಲ್ಲಿನ ಸ್ನಾತಕೋತ್ತರ ಭೌತಶಾಸ್ತ್ರ ವಿಭಾಗಕ್ಕೆ ಇವರೇ ಮೊದಲ ಮುಖ್ಯಸ್ಥರು. ಹೊಸ ವಿಭಾಗ ಅಂದರೆ ಹೇಗಿರುತ್ತೆ ಅಂತ ನಮ್ಮ ಕ್ಯಾಂಪಸ್ಸಿನಲ್ಲಿ ಓದೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾಠ ಮಾಡಬೇಕು, ಲ್ಯಾಬ್ ಕಟ್ಟಬೇಕು, ಜನರನ್ನ ಸೇರಿಸಬೇಕು, ಸಂಶೋಧನೆಯೂ ನಡೀಬೇಕು.

ಅಂಥ ಹೊತ್ತಿನಲ್ಲೇ ಅವರು ತಾವು ಕಲಿತದ್ದನ್ನ ಪಕ್ಕಕ್ಕಿಟ್ಟು ದ್ರವ ಸ್ಫಟಿಕಗಳ ಕಡೆ ತಿರುಗಿದರು. ನಮಗೆ ಇಡೀ ಬದುಕಿನಲ್ಲಿ ಬಹಳ ಕುತೂಹಲ ಹುಟ್ಟಿಸಿದ ತಿರುವು ಇದು. ಆ ವಿಷಯ ಆಗ ಫ್ಯಾಶನ್ ಆಗಿರಲಿಲ್ಲ. 1888ರಲ್ಲಿ ರೈನಿಟ್ಸರ್ ಅನ್ನೋ ಸಸ್ಯಶಾಸ್ತ್ರಜ್ಞ, ಕೊಲೆಸ್ಟೆರಾಲಿನಿಂದ ಬಂದ ಒಂದು ಪದಾರ್ಥ ಎರಡು ಸಲ ಕರಗೋದನ್ನ ನೋಡಿದ್ದ. ಮೊದಲ ಸಲ ಕರಗಿ ಮಜ್ಜಿಗೆ ಥರ ಮಬ್ಬು ದ್ರವ, ಇನ್ನೂ ಕಾಯಿಸಿದರೆ ತಿಳಿ ದ್ರವ. ಆ ಮಬ್ಬು ಸ್ಥಿತಿಯೇ ದ್ರವ ಸ್ಫಟಿಕ. ಹರಿಯೋದು ನೀರಿನ ಹಾಗೆ, ಬೆಳಕಿನ ಜೊತೆ ನಡೆದುಕೊಳ್ಳೋದು ಹರಳಿನ ಹಾಗೆ. ಎಷ್ಟೋ ವರ್ಷ ಅದೊಂದು ಸೋಜಿಗದ ವಸ್ತುವಾಗಿಯೇ ಉಳಿದಿತ್ತು. ದ್ರವ ಸ್ಫಟಿಕದ ಪ್ರದರ್ಶಕವನ್ನ ಅಮೆರಿಕದ ಆರ್‌ಸಿಎ ಕಂಪನಿ ಜಗತ್ತಿಗೆ ತೋರಿಸಿದ್ದೇ 1968ರಲ್ಲಿ, ಹೈಲ್‌ಮೈಯರ್ ಅವರ ತಂಡದ ಕೆಲಸ ಅದು. ಅಂದರೆ ಚಂದ್ರಶೇಖರ್ ಮೈಸೂರಿನಲ್ಲಿ ಈ ಕಡೆ ತಿರುಗಿದಾಗ ಟೀವಿ, ಮಾನಿಟರ್ ಯಾವುದರ ಆಸೆಯೂ ಕಣ್ಣ ಮುಂದೆ ಇದ್ದಿರಲಾರದು. ಪೋಸ್ಟರಿನ ಮೊದಲ ತಪ್ಪು ಇಲ್ಲಿಗೆ ತಿದ್ದಿದಂತಾಯ್ತು: ಎಲ್‌ಸಿಡಿ ಕಂಡುಹಿಡಿದವರು ಇವರಲ್ಲ. ಒಳಗಿನ ಪದಾರ್ಥ ಹೇಗೆ ನಡೆದುಕೊಳ್ಳುತ್ತೆ ಅನ್ನೋ ಭೌತಶಾಸ್ತ್ರವನ್ನ ಕಟ್ಟಿದವರಲ್ಲಿ ಇವರೊಬ್ಬರು.

ಈಗ ಸ್ವಲ್ಪ ದೆವ್ವದ ಕಡೆ ಬರೋಣ, ಯಾಕಂದ್ರೆ ಆ ಭೌತಶಾಸ್ತ್ರ ಇಲ್ಲದೆ ಹುಟ್ಟಿನ ಬಾಲ ಅರ್ಥ ಆಗಲ್ಲ.

ಕಂಪ್ಲಿ ಕಡೆ ಕಬ್ಬು ತುಂಬಿದ ಟ್ರ್ಯಾಕ್ಟರ್ ನೋಡೇ ಇರ್ತೀರಿ. ಜಲ್ಲೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರ್ತವೆ, ಆದರೆ ಎಳೆದರೆ ಯಾವುದು ಬೇಕಾದರೂ ಜಾರಿ ಬರುತ್ತೆ. ಮಾನಿಟರಿನ ದ್ರವ ಸ್ಫಟಿಕದಲ್ಲಿ ಕಡ್ಡಿಯಾಕಾರದ ಅಣುಗಳು ಇರೋದು ಹೀಗೆ. ದಿಕ್ಕಿದೆ, ಜಾಗ ಗಟ್ಟಿಯಿಲ್ಲ. ನೆಮ್ಯಾಟಿಕ್ ಅಂತ ಇದರ ಹೆಸರು. ಎರಡು ಗಾಜಿನ ನಡುವೆ ಕೆಲವೇ ಮೈಕ್ರಾನ್ ದಪ್ಪದ ಪದರವಾಗಿ ಇದನ್ನ ತುಂಬಿರ್ತಾರೆ. ವೋಲ್ಟೇಜ್ ಕೊಟ್ಟರೆ ಅಣುಗಳು ತಿರುಗಿ, ಅವುಗಳ ಮೂಲಕ ಹಾಯೋ ಬೆಳಕಿನ ಧ್ರುವೀಕರಣ ಬದಲಾಗುತ್ತೆ. ಹಿಂದೆ ಮುಂದೆ ಇರೋ ಪೋಲರೈಸರುಗಳ ನಡುವೆ ಅದೇ ಕಪ್ಪು-ಬಿಳುಪಾಗಿ ಕಾಣುತ್ತೆ.

ತಿರುಗಿಸೋದು ಸುಲಭ. ವಾಪಸ್ ಬರೋದೇ ನಿಧಾನ. ಬ್ಯಾಂಕಿನ ಬಾಗಿಲಿಗೆ ಎಣ್ಣೆ ತುಂಬಿದ ಡೋರ್ ಕ್ಲೋಸರ್ ಇರುತ್ತಲ್ಲ, ಹಾಗೆ. ತಳ್ಳೋದು ನಿಮ್ಮ ಬಲಕ್ಕೆ ತಕ್ಕಂತೆ, ಮುಚ್ಚಿಕೊಳ್ಳೋದು ಅದರ ಪಾಡಿಗೆ ಅದು. ವೋಲ್ಟೇಜ್ ತೆಗೆದ ಮೇಲೆ ಅಣುಗಳನ್ನ ಹಿಂದಕ್ಕೆ ಎಳೆಯೋದು ಆ ದ್ರವದ್ದೇ ಸ್ಥಿತಿಸ್ಥಾಪಕತೆ, ತಡೆಯೋದು ಅದರದ್ದೇ ಅಂಟುತನ. ಸೂತ್ರವೂ ಸರಳ: ತಿರುಗುವಿಕೆಯ ಸ್ನಿಗ್ಧತೆಯನ್ನ ಪದರದ ದಪ್ಪದ ವರ್ಗದಿಂದ ಗುಣಿಸಿ, ಸ್ಥಿತಿಸ್ಥಾಪಕ ಸ್ಥಿರಾಂಕ ಮತ್ತು ಪೈ ವರ್ಗದ ಗುಣಲಬ್ಧದಿಂದ ಭಾಗಿಸಿದರೆ ವಾಪಸ್ ಬರೋ ಸಮಯ. ಒಂದು ಉದಾಹರಣೆ ಹಾಕಿ ನೋಡಿದ್ವಿ. ಸ್ನಿಗ್ಧತೆ 0.1 ಪಾಸ್ಕಲ್-ಸೆಕೆಂಡ್, ದಪ್ಪ 4 ಮೈಕ್ರಾನ್, ಸ್ಥಿರಾಂಕ 10 ಪಿಕೋನ್ಯೂಟನ್ ಅಂತಿಟ್ಟುಕೊಂಡರೆ ಉತ್ತರ ಸುಮಾರು 16 ಮಿಲಿಸೆಕೆಂಡ್. 60 ಹರ್ಟ್ಸ್ ಮಾನಿಟರಿನಲ್ಲಿ ಒಂದು ಫ್ರೇಮ್ ಇರೋದು 16.7 ಮಿಲಿಸೆಕೆಂಡ್. ಅಂದರೆ ಹಳೇ ಚಿತ್ರ ಅಳಿಸೋ ಹೊತ್ತಿಗೆ ಹೊಸ ಚಿತ್ರ ಬಂದು ಬಾಗಿಲಲ್ಲಿ ನಿಂತಿರುತ್ತೆ! ದಪ್ಪವನ್ನ 3 ಮೈಕ್ರಾನಿಗೆ ಇಳಿಸಿದರೆ ಅದೇ ಸಮಯ ಸುಮಾರು 9 ಮಿಲಿಸೆಕೆಂಡಿಗೆ ಇಳಿಯುತ್ತೆ. ಚಳಿಯಲ್ಲಿ ದ್ರವದ ಅಂಟು ಜಾಸ್ತಿ, ದೆವ್ವವೂ ಜಾಸ್ತಿ. ಆ ಲೆಕ್ಕಕ್ಕೆ ಹೊಸಪೇಟೆಯ ಬೇಸಿಗೆಯಲ್ಲಿ ನಮ್ಮ ಮಾನಿಟರುಗಳು ಚುರುಕಾಗಿರಬೇಕು. ನಾವಂತೂ ಆಗ ಚುರುಕಾಗಿರಲ್ಲ.

ಇದರ ಜೊತೆ ಇನ್ನೊಂದು ಮಸುಕೂ ಇದೆ, ಅದು ಅಣುಗಳ ತಪ್ಪಲ್ಲ. ಎಲ್‌ಸಿಡಿ ಒಂದು ಫ್ರೇಮನ್ನ ಮುಂದಿನ ಫ್ರೇಮ್ ಬರೋವರೆಗೂ ಹಾಗೇ ಹಿಡಿದಿಟ್ಟಿರುತ್ತೆ. ನಮ್ಮ ಕಣ್ಣು ಮಾತ್ರ ಹರಿಗೋಲಿನ ಜೊತೆಗೇ ಜಾರುತ್ತಾ ಇರುತ್ತೆ. 1920 ಪಿಕ್ಸೆಲ್ ಅಗಲದ ಪರದೆಯನ್ನ ಹರಿಗೋಲು 2 ಸೆಕೆಂಡಿನಲ್ಲಿ ದಾಟಿದರೆ, ಒಂದು ಫ್ರೇಮಿನ ಅವಧಿಯಲ್ಲಿ ಕಣ್ಣು 16 ಪಿಕ್ಸೆಲ್ ಮುಂದೆ ಹೋಗಿರುತ್ತೆ, ಚಿತ್ರ ನಿಂತಲ್ಲೇ ನಿಂತಿರುತ್ತೆ. ಅಷ್ಟು ಅಗಲಕ್ಕೆ ಅಂಚು ಕದಡಿದ ಹಾಗೆ ಕಾಣುತ್ತೆ. ಅಣುಗಳು ಕ್ಷಣಮಾತ್ರದಲ್ಲಿ ತಿರುಗಿದರೂ ಈ ಮಸುಕು ಹೋಗಲ್ಲ. ಅದಕ್ಕೇ 144 ಹರ್ಟ್ಸ್ ಮಾನಿಟರುಗಳಿಗೆ ಅಷ್ಟು ಬೆಲೆ. ಇಷ್ಟು ತಿಳಿದ ಮೇಲೆ ನಮಗೊಂದು ಸಮಾಧಾನ: ಲ್ಯಾಬಿನಲ್ಲಿ ಕಂಡದ್ದು ಎರಡೂ ಸೇರಿದ ಕಾಟ.

ಮೈಸೂರಿಗೆ ವಾಪಸ್. ಚಂದ್ರಶೇಖರ್ ಅಲ್ಲಿ 10 ವರ್ಷ ಇದ್ದರು. ಸುರುಳಿಯಾಗಿ ತಿರುಚಿಕೊಂಡ ದ್ರವ ಸ್ಫಟಿಕಗಳು ಬೆಳಕನ್ನ ಹೇಗೆ ತಿರುಗಿಸುತ್ತವೆ ಅನ್ನೋ ಸಿದ್ಧಾಂತದ ಮೇಲೆ ಕೆಲಸ ಮಾಡಿದರು. ಹಿಂದೆ ಬೆಂಗಳೂರಿನಲ್ಲಿ ಗಟ್ಟಿ ಹರಳಿನಲ್ಲಿ ಅಳೆದ ಸಂಗತಿಯೇ ಇಲ್ಲಿ ಮೆದು ವಸ್ತುವಿನಲ್ಲಿ ಮತ್ತೆ ಎದುರಾಗಿತ್ತು. ಎನ್. ವಿ. ಮಧುಸೂದನ ಅವರಂಥ ವಿದ್ಯಾರ್ಥಿಗಳು ತಯಾರಾಗಿದ್ದೂ ಇಲ್ಲೇ. ಇದೇ ವಿಭಾಗದಲ್ಲಿ ಕೆಲಕಾಲ ಎಸ್. ಪಂಚರತ್ನಂ ಕೂಡ ಪಾಠ ಮಾಡ್ತಿದ್ದರು. ಅವರೂ ರಾಮನ್ ಅವರ ಸೋದರಳಿಯರೇ. ಧ್ರುವೀಕೃತ ಬೆಳಕಿನ ಮೇಲೆ 1956ರಲ್ಲಿ, ಇನ್ನೂ 22ರ ಹುಡುಗನಾಗಿದ್ದಾಗ, ಅವರು ಬರೆದ ಪ್ರಬಂಧಕ್ಕೆ ಈಗ ಪಂಚರತ್ನಂ ಫೇಸ್ ಅಂತಲೇ ಹೆಸರು. ಆಮೇಲೆ ಆಕ್ಸ್‌ಫರ್ಡಿಗೆ ಹೋದ ಅವರು 1969ರಲ್ಲಿ, 35ರ ವಯಸ್ಸಿಗೇ ತೀರಿಕೊಂಡರು. ಅವರ ಕೆಲಸದ ಬೆಲೆ ಜಗತ್ತಿಗೆ ಸರಿಯಾಗಿ ತಿಳಿದದ್ದು 1980ರ ದಶಕದಲ್ಲಿ. 1970ರ ನವೆಂಬರಿನಲ್ಲಿ ಸೋದರಮಾವ ರಾಮನ್ ಕೂಡ ಹೋದರು. ಒಂದೂವರೆ ವರ್ಷದಲ್ಲಿ ಇಬ್ಬರು. ಓದುತ್ತಾ ಓದುತ್ತಾ ನಾವೆಲ್ಲ ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಾದ್ವಿ.

1971ರಲ್ಲಿ ಚಂದ್ರಶೇಖರ್ ಬೆಂಗಳೂರಿನ ರಾಮನ್ ಸಂಸ್ಥೆಗೆ ದ್ರವ ಸ್ಫಟಿಕ ಪ್ರಯೋಗಾಲಯ ಕಟ್ಟೋಕೆ ಅಂತ ಬಂದರು. 1973ರ ಡಿಸೆಂಬರಿನಲ್ಲೇ ಅಲ್ಲಿ ದ್ರವ ಸ್ಫಟಿಕಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೀತು. ಭೌತಶಾಸ್ತ್ರದವರ ಪಕ್ಕದಲ್ಲೇ ರಸಾಯನಶಾಸ್ತ್ರದವರು ಕೂತು, ಬೇಕಾದ ಅಣುಗಳನ್ನ ತಾವೇ ತಯಾರು ಮಾಡೋ ವ್ಯವಸ್ಥೆ ಅಲ್ಲಿ ಬೆಳೀತು. ಹೊರಗಿನಿಂದ ಬಾಟಲಿ ತರಿಸಿ ಅಳೆಯೋದಷ್ಟೇ ಆಗಿದ್ದರೆ ಮುಂದಿನ ಕಥೆ ನಡೀತಿರಲಿಲ್ಲ ಅಂತ ನಮ್ಮ ಅನಿಸಿಕೆ.

ಮುಂದಿನ ಕಥೆ 1977ರದ್ದು. ಅಲ್ಲಿವರೆಗೆ ಗೊತ್ತಿದ್ದ ಇಂಥ ದ್ರವ ಸ್ಫಟಿಕಗಳ ಅಣುಗಳೆಲ್ಲ ಹೆಚ್ಚುಕಮ್ಮಿ ಕಡ್ಡಿಯಾಕಾರ. ಉದ್ದ ಇರಬೇಕು, ಇಲ್ಲದಿದ್ರೆ ಸಾಲಾಗಿ ನಿಲ್ಲಲ್ಲ ಅನ್ನೋದು ಬಹುತೇಕ ಒಪ್ಪಿತ ಮಾತು. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಈ ಮೂವರು ತಟ್ಟೆಯಾಕಾರದ ಅಣುಗಳನ್ನ ತಗೊಂಡರು. ನಡುವೆ ಒಂದು ಬೆಂಜೀನ್ ಉಂಗುರ, ಅದರ ಆರೂ ಮೂಲೆಗೆ ಆರು ಉದ್ದ ಬಾಲ. ಆಕಾರದಲ್ಲಿ ನಮ್ಮ ಹರಿಗೋಲಿನ ಥರ ದುಂಡಗೆ, ಚಪ್ಪಟೆ. ಕಾಯಿಸಿ ನೋಡಿದರೆ ಅದೂ ಒಂದು ದ್ರವ ಸ್ಫಟಿಕವೇ! ಆದರೆ ಜೋಡಣೆ ಬೇರೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ ಒಂದರ ಮೇಲೊಂದು ಪೇರಿಸಿ, ಅಂಥ ಹಲವು ಕಂಬಗಳನ್ನ ಒತ್ತೊತ್ತಾಗಿ ಇಟ್ಟ ಹಾಗೆ. ಕಂಬಗಳು ನಿಂತಿರೋದು ಷಟ್ಕೋನದ ಲೆಕ್ಕದಲ್ಲಿ ಅಚ್ಚುಕಟ್ಟಾಗಿ, ಒಂದೊಂದು ಕಂಬದೊಳಗೆ ರೊಟ್ಟಿ-ರೊಟ್ಟಿ ನಡುವಿನ ಅಂತರ ಮಾತ್ರ ಅಷ್ಟು ಕರಾರುವಾಕ್ಕಿಲ್ಲ. ಎಕ್ಸ್‌-ರೇ ಇದನ್ನೇ ತೋರಿಸಿತು. ಒಂದು ಕಡೆ ನೋಡಿದರೆ ಹರಳು, ಇನ್ನೊಂದು ಕಡೆ ನೋಡಿದರೆ ದ್ರವ. ಎಕ್ಸ್‌-ರೇ ಮೇಲೆ ಡಾಕ್ಟರೇಟ್ ಮಾಡಿದ್ದು ವ್ಯರ್ಥ ಆಗಲಿಲ್ಲ ನೋಡ್ರಿ.

ಈ ಪ್ರಬಂಧವನ್ನ ಅವರು ಪ್ರಕಟಿಸಿದ್ದು ನಮ್ಮ ದೇಶದ್ದೇ ಆದ ಪ್ರಮಾಣ ಅನ್ನೋ ಪತ್ರಿಕೆಯಲ್ಲಿ. ಭಾರತೀಯ ವಿಜ್ಞಾನ ಅಕಾಡೆಮಿ ಬೆಂಗಳೂರಿನಿಂದ ಅದನ್ನ ಶುರು ಮಾಡಿ ಆಗ ಕೆಲವೇ ವರ್ಷ ಆಗಿತ್ತು. ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಜರ್ನಲ್ ಆರಿಸೋದನ್ನ ಪ್ರಾಜೆಕ್ಟ್ ಗೈಡುಗಳಿಂದ ಕೇಳಿ ಕೇಳಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸಿತು. ಒಳ್ಳೆಯ ಸಂಗತಿ ಕೈಗೆ ಸಿಕ್ಕಾಗ ಊರಿನ ಹೊಸ ಪತ್ರಿಕೆಗೆ ಕೊಟ್ಟರು, ಜಗತ್ತು ಅಲ್ಲಿಗೇ ಹುಡುಕಿಕೊಂಡು ಬಂತು. ಆ ಪತ್ರಿಕೆಯಲ್ಲಿ ಬಂದ ಪ್ರಬಂಧಗಳಲ್ಲಿ ಬಹಳ ಹೆಚ್ಚು ಉಲ್ಲೇಖ ಪಡೆದವುಗಳಲ್ಲಿ ಇದೂ ಒಂದು. ಅದೇ 1977ರಲ್ಲಿ ಅವರ ಲಿಕ್ವಿಡ್ ಕ್ರಿಸ್ಟಲ್ಸ್ ಪುಸ್ತಕವನ್ನ ಕೇಂಬ್ರಿಜ್ ಪ್ರಕಟಿಸಿತು. ರಷ್ಯನ್, ಜಪಾನಿ ಭಾಷೆಗೆ ಹೋಯ್ತು, 1992ರಲ್ಲಿ ಎರಡನೇ ಆವೃತ್ತಿ ಬಂತು. ಮೇಲೆ ನಾವು ಹಾಕಿದ ಲೆಕ್ಕದ ಹಿಂದಿರೋ ಸಿದ್ಧಾಂತವನ್ನ, ಅಂದರೆ ನೆಮ್ಯಾಟಿಕ್ ಹೇಗೆ ಬಾಗುತ್ತೆ, ತಿರುಚುತ್ತೆ, ವಾಪಸ್ ಬರುತ್ತೆ ಅನ್ನೋದನ್ನ, ಅದರಲ್ಲಿ ವಿಸ್ತಾರವಾಗಿ ಓದಬಹುದು. ಕನ್ನಡಕ್ಕೆ ಬಂದಿದ್ದರೆ ಅಂತ ಆಸೆ. ಬಳಗದಲ್ಲಿ ಯಾರಿಗಾದರೂ ಧೈರ್ಯ ಇದ್ದರೆ ಒಂದು ಅಧ್ಯಾಯದಿಂದ ಶುರು ಮಾಡಬಹುದು.

ತಟ್ಟೆಯಾಕಾರದ ಅಣುಗಳಿಂದ ಏನು ಉಪಯೋಗ ಅಂತ ಕೇಳೋರು ಇರ್ತಾರೆ. ಹಳೇ ಟಿಎನ್ ಮಾನಿಟರನ್ನ ಪಕ್ಕದಿಂದ ನೋಡಿದರೆ ಬಣ್ಣ ಕೆಟ್ಟು, ಮುಖ ನೆಗೆಟಿವ್ ಥರ ಕಾಣ್ತಿತ್ತು. ಇದಕ್ಕೆ 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಒಂದು ತೆಳು ಹಾಳೆ ತಂದಿತು. ತಟ್ಟೆಯಾಕಾರದ ಅಣುಗಳನ್ನ ಓರೆಯಾಗಿ ಜೋಡಿಸಿ ಗಟ್ಟಿ ಮಾಡಿದ ಹಾಳೆ ಅದು. ಕಡ್ಡಿಗಳು ಮಾಡೋ ತಪ್ಪನ್ನ ತಟ್ಟೆಗಳು ಸರಿದೂಗಿಸುತ್ತವೆ. ಎಷ್ಟೋ ಮಾನಿಟರುಗಳಲ್ಲಿ ಅದು ಬಳಕೆಯಾಯ್ತು. ನಮ್ಮ ಲ್ಯಾಬಿನ ಆ ಹಳೇ ಡಬ್ಬದೊಳಗೂ ಇದ್ದೀತು, ಬಿಚ್ಚಿ ನೋಡೋಕೆ ಲ್ಯಾಬ್ ಅಸಿಸ್ಟೆಂಟ್ ಬಿಡಲಿಲ್ಲ. ಒಂದು ಮಾತು ಸ್ಪಷ್ಟ ಇರಲಿ: ಆ ಹಾಳೆ ಪಕ್ಕದ ನೋಟವನ್ನ ಸರಿಪಡಿಸಿತು, ಘೋಸ್ಟಿಂಗನ್ನಲ್ಲ. ಘೋಸ್ಟಿಂಗ್ ಕಡಿಮೆ ಮಾಡಿದ್ದು ತೆಳು ಪದರ, ಕಡಿಮೆ ಅಂಟಿನ ದ್ರವಗಳು ಮತ್ತೆ ಓವರ್‌ಡ್ರೈವ್, ಅಂದರೆ ಮೊದಲ ಕ್ಷಣದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೊಟ್ಟು ಅಣುಗಳನ್ನ ಓಡಿಸೋದು. ಇವರ ಹೆಸರಿಗೆ ಅದನ್ನೂ ಸೇರಿಸೋ ಆಸೆ ಪೋಸ್ಟರ್ ಬರೆದವರಿಗಿತ್ತು. ನಾವು ಬಿಡಲಿಲ್ಲ.

1990ರಲ್ಲಿ ನಿವೃತ್ತಿ. ಮನೆಯಲ್ಲಿ ಕೂರಲಿಲ್ಲ. ಅದೇ ವರ್ಷ ಹುಟ್ಟಿದ ಅಂತರರಾಷ್ಟ್ರೀಯ ದ್ರವ ಸ್ಫಟಿಕ ಸೊಸೈಟಿಗೆ ಸ್ಥಾಪಕ ಅಧ್ಯಕ್ಷರಾದರು. ಜಾಲಹಳ್ಳಿಯಲ್ಲಿ ಬಿಇಎಲ್ ಕೊಟ್ಟ ಕಟ್ಟಡದಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಕಟ್ಟಿದರು. ಅಂದರೆ ಮೈಸೂರು, ರಾಮನ್ ಸಂಸ್ಥೆ, ಜಾಲಹಳ್ಳಿ, ಒಂದೇ ಬದುಕಿನಲ್ಲಿ ಮೂರು ಸಲ ಮೊದಲಿಂದ ಶುರು. 60 ದಾಟಿದ ಮೇಲೆ ಮೂರನೇದು! ಈಗ ಆ ಕೇಂದ್ರ ಹೆಸರು ಬದಲಾಗಿ, ಸೆನ್ಸ್ ಅನ್ನೋ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವಾಗಿ ಬೆಂಗಳೂರಿನಲ್ಲಿ ನಡೀತಿದೆ. ಪ್ರಶಸ್ತಿಗಳ ಪಟ್ಟಿ ಉದ್ದ ಇದೆ. 1972ರ ಭಟ್ನಾಗರ್, 1994ರ ರಾಯಲ್ ಮೆಡಲ್, 1998ರ ಪದ್ಮಭೂಷಣ, ಇಷ್ಟು ಸಾಕು. ನೊಬೆಲ್ ಅದರಲ್ಲಿಲ್ಲ, ಪೋಸ್ಟರಿನ ಎರಡನೇ ತಪ್ಪೂ ಇಲ್ಲಿಗೆ ಹೋಯ್ತು. 2004ರ ಮಾರ್ಚ್ 8ರಂದು ತೀರಿಕೊಂಡರು.

ಮೂರನೇ ತಪ್ಪಿನ ಬಗ್ಗೆ ಬಳಗದಲ್ಲಿ ಜಗಳವೇ ಆಯ್ತು. ಕಲ್ಕತ್ತೆಯಲ್ಲಿ ಹುಟ್ಟಿ, ನಾಗಪುರದಲ್ಲಿ ಓದಿ, ಮನೆಯಲ್ಲಿ ತಮಿಳು ಆಡೋರನ್ನ ಕನ್ನಡಿಗ ಅಂತ ಬರೀಬಹುದಾ? ಕೆಲವರು ಬೇಡವೇ ಬೇಡ ಅಂದರು. ಮೈಸೂರು, ಬೆಂಗಳೂರಿನಲ್ಲಿ 40 ವರ್ಷಕ್ಕೂ ಹೆಚ್ಚು ಇದ್ದು ಮೂರು ಸಂಸ್ಥೆಗಳಲ್ಲಿ ಕೆಲಸ ಕಟ್ಟಿದವರನ್ನ ಇನ್ನೇನಂತ ಕರೀಬೇಕು ಅಂತ ಸಂಡೂರಿನವಳು ಕೇಳಿದಳು. ಅವಳ ಮನೆಯಲ್ಲಿ ಆಡೋದು ಮರಾಠಿ. ಹಂಪಿಯ ಬೀದಿಯಲ್ಲಿ ಕನ್ನಡ, ತೆಲುಗು ಎರಡೂ ಕೇಳ್ತಾ ಬೆಳೆದ ನಮ್ಮ ಇನ್ನೊಬ್ಬ ಗೆಳೆಯ ಏನೂ ಹೇಳದೆ ನಕ್ಕ. ಕೊನೆಗೆ ಆ ಪದವನ್ನೇ ತೆಗೆದು, ಕರ್ನಾಟಕದಲ್ಲಿ ಕೆಲಸ ಕಟ್ಟಿದ ವಿಜ್ಞಾನಿ ಅಂತ ಬರೆದ್ವಿ. ಎಲ್ಲರೂ ಒಪ್ಪಿದ್ದಾರೆ ಅಂತ ಹೇಳಲ್ಲ.

ವಿಡಿಯೊ ತೋರಿಸೋ ಹಿಂದಿನ ದಿನ ಲ್ಯಾಬಿನ ಮಾನಿಟರಿನ ಮೆನುವಿನಲ್ಲಿ ಓವರ್‌ಡ್ರೈವ್ ಸಿಕ್ಕಿತು. ಪೂರ್ತಿ ಏರಿಸಿದರೆ ಹುಟ್ಟಿನ ಹಿಂದಿದ್ದ ಕಪ್ಪು ಬಾಲ ಹೋಗಿ ಬಿಳಿ ಬಾಲ ಬಂತು, ಅಣುಗಳು ಗುರಿ ದಾಟಿ ಮುಂದೆ ಹೋಗೋದರಿಂದ. ನಡುವೆ ಇಟ್ವಿ. ಬಾಲ ಇನ್ನೂ ಸ್ವಲ್ಪ ಇದೆ, ಹತ್ರ ಕೂತರೆ ಕಾಣುತ್ತೆ. ತಿದ್ದಿದ ಪೋಸ್ಟರನ್ನ, ಸರಿಯಾದ ಫೋಟೊ ಹಾಕಿ, ಆ ಮಾನಿಟರಿನ ಪಕ್ಕದ ಗೋಡೆಗೇ ಅಂಟಿಸಿದ್ದೀವಿ.